ಗೌಡನ ಹೊಂಡಕ್ಕೆ ಬಂದ ಹೊಳಪು

ಮುಂಬಯಿಗೆ ಹೋದವರು ಹಲ್ವಾ ತರುತ್ತಾರೆ, ಸೀರೆ ತರುತ್ತಾರೆ, ಹೇಳಬಾರದ ರೋಗ ತಂದವರೂ ಇದ್ದಾರೆ. ಹೊರ್ತಿಯ ಮಲ್ಲಣ್ಣ ಗೌಡ ಒಂದು ಹೊಂಡ ತಂದ. ಯಾವುದೋ ಹೋಟೆಲಿನ ಹಿತ್ತಲಲ್ಲಿ ನೀಲಿ ನೀರು, ಅದರ ಸುತ್ತ ಮುಖ ಕಾಣುವಷ್ಟು ಹೊಳೆಯುವ ಕಲ್ಲು, ಕಲ್ಲಿನ ಮೇಲೆ ಅರ್ಧ ಮೈ ಬಿಟ್ಟುಕೊಂಡು ಮಲಗಿದ ಜನ. ಇದನ್ನು ಕಂಡು ಬಂದಂದಿನಿಂದ ಗೌಡನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಅವನಿಗೆ ಈಸು ಬರುತ್ತಿರಲಿಲ್ಲ, ಆ ಮಾತು ಬೇರೆ. ಮೊಳಕಾಲುದ್ದ ನೀರಿಗಿಳಿದರೆ ಮನೆದೇವರನ್ನು ಕೂಗುವ ಗಂಡು. ಆದರೂ ದೊಡ್ಡ ಬರ ಕಳೆದು ಎರಡು ಮಳೆ ಕಂಡದ್ದೇ ತಡ, ತನ್ನ ಲಿಂಬಿ ತೋಟದ ನಡುವೆ, ಹಳೆ ಬಾವಿಯ ಮಗ್ಗುಲಿಗೇ ಹೊಂಡ ತೋಡಿಸಿದ. ಲಿಂಬಿ ಗಿಡ ಕುಡಿಯಬೇಕಾದ ನೀರನ್ನು ತಂದು ನಿಲ್ಲಿಸಿಕೊಂಡು ಇವನು ನೋಡುತ್ತಾ ಕೂರಬೇಕು. ಉಳ್ಳವರ ನೀರಡಿಕೆ ಗಂಟಲಲ್ಲಿರುವುದಿಲ್ಲ, ಕಣ್ಣಲ್ಲಿರುತ್ತದೆ.

ಹೊಂಡದ ಸುತ್ತ ಹಾಸಲು ಮುದ್ದೇಬಿಹಾಳದ ಆಚೆ ತಾಳಿಕೋಟೆ ಗಣಿಯಿಂದ ಲಾರಿಗಟ್ಟಲೆ ಪರಸಿ ಬಂತು. ಬೂದು ಬಣ್ಣದ, ತೆಳು ಪದರಿನ ಸುಣ್ಣದ ಕಲ್ಲಿನ ಚಪ್ಪಡಿಗಳು. ಹಾಸಿದವರು ಇಬ್ಬರು. ಒಬ್ಬ ಖಾಜಾಸಾಬ ಮೇಸ್ತ್ರಿ, ಮೊಳಕಾಲೂರಿ ಕೂತು ಕೂತು ಮೊಳಕಾಲು ಸವೆಸಿಕೊಂಡವನು. ಇನ್ನೊಬ್ಬ ಅವನ ಕೈಯಾಳು ಸೋಮನಿಂಗ. ಆರನೆಯ ಇಯತ್ತೆಯಲ್ಲಿ ಮಾಸ್ತರನ ಕೈಯಿಂದ ಬೆತ್ತ ಕಿತ್ತು ಮುರಿದು ಸಾಲೆ ಬಿಟ್ಟವನು. ಈಗ ಮೀಸೆ ದಪ್ಪಗಾಗಿತ್ತು, ಸಿಟ್ಟು ಅದಕ್ಕಿಂತ ದಪ್ಪಗಾಗಿತ್ತು.

ಆ ಸಿಟ್ಟಿನವನೂ ಗೌಡನೆದುರು ಬಾಯಿ ಕಟ್ಟಿಕೊಂಡು ನಿಂತದ್ದಕ್ಕೆ ಕಾರಣವಿತ್ತು. ಗೌಡನ ಮಗಳನ್ನು ಬಸವನ ಬಾಗೇವಾಡಿಯ ದೊಡ್ಡ ಮನೆತನಕ್ಕೆ ಕೊಡುವ ಮಾತಾಗಿತ್ತು. ಆ ಬೀಗರು ಸಿಂದಗಿಯಲ್ಲಿ ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು, ಅದರ ನೆಲ ಹಾಸುವ ಕೆಲಸ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಹೊಂಡಕ್ಕೆ ಗಂಗಿ ಪೂಜೆ ಮಾಡುವ ದಿನ ಅವರೇ ಬರುವವರಿದ್ದರು.

"ನನ್ನ ಹೊಂಡದ ಪರಸಿ ಬೀಗರ ಕಣ್ಣಿಗೆ ಬಿತ್ತು ಅಂದ್ರ ಸಿಂದಗಿ ನೆಲ ನಿಂದ ನೋಡ ಸೋಮ್ಯಾ," ಎಂದಿದ್ದ ಗೌಡ. "ನಿನ್ನ ಹೆಸರಲೇ. ಖಾಜಾನ ಕೈಯಾಗ ಎಷ್ಟ ದಿನಾ ಸುಣ್ಣ ಕಲಸ್ತಿ? ಮೇಸ್ತ್ರಿ ಆಗು."

ಖಾಜಾಸಾಬನೂ ತಲೆಯಾಡಿಸಿದ್ದ. "ಆಗ್ಲಿ ತಗೋರಿ. ನನ್ನ ಮೊಳಕಾಲಿಗೆ ಸಿಂದಗಿ ಭಾಳ ದೂರ."

ಮೇಸ್ತ್ರಿ! ಆ ಮಾತು ಸೋಮನಿಂಗನ ಎದೆಯಲ್ಲಿ ಹೊಸ ಚಪ್ಪಲಿಯಂತೆ ಕಿರುಗುಟ್ಟಿತು. ಯಾರ ಹಿಂದೂ ನಡೆಯದೆ, ಯಾರ ಬೈಗುಳವನ್ನೂ ನುಂಗದೆ ದಾರ ಹಿಡಿದು ತಾನೇ ನೆಲದ ಮಟ್ಟ ನೋಡುವುದು. ಅದೊಂದಕ್ಕಾಗಿ ಅವನು ಗೌಡನ ಸೋಗನ್ನು ಸಹಿಸಿದ.

ಪರಸಿಯೇನೋ ಚೆಂದ ಕೂತಿತು. ಗೌಡ ಅದರ ಮೇಲೆ ಚಹಾ ಚೆಲ್ಲಿದ, ಕಲ್ಲು ಕುಡಿಯಿತು. ಗೌಡನ ಹೆಂಡತಿ ಇಂದ್ರಾಬಾಯಿ ದೀಪ ಇಟ್ಟಳು, ಎಣ್ಣೆ ಕುಡಿಯಿತು. ಅರಿಶಿಣದ ನೀರು ಹನಿಯಿತು, ಅದನ್ನೂ ಕುಡಿದು ಹಳದಿ ಕಲೆ ಹೊತ್ತು ಕೂತಿತು. ಕಲ್ಲಿಗೆ ಬಾಯಿ ಇದೆಯೆಂದು ಆ ಮನೆತನಕ್ಕೆ ಆಗ ತಿಳಿಯಿತು. ಅಲ್ಲಿಯವರೆಗೆ ಬಾಯಿ ತಮಗೊಬ್ಬರಿಗೇ ಎಂದುಕೊಂಡಿದ್ದರು.

"ಇದರ ಬಾಯಿ ಕಟ್ಟಬೇಕಲ್ಲೋ," ಎಂದ ಗೌಡ. "ಕಲೆ ಕೂಡಬಾರ್ದು, ಯಾವಾಗ್ಲೂ ನೀರ ಹೊಡದಂಗ ಹೊಳೀಬೇಕು. ಬೀಗರು ಬಗ್ಗಿ ನೋಡಿದ್ರ ಅವರ ಮೀಸಿ ಅವರಿಗೇ ಕಾಣಬೇಕು."

ಇಷ್ಟೇ ಸಾಕಾಯಿತು. ಊರಿನಲ್ಲಿ ಕೆಲಸವಿಲ್ಲದ ನಾಲಗೆಗಳಿಗೆಲ್ಲ ಕೆಲಸ ಸಿಕ್ಕಿತು. ಮೇಣ ಉಜ್ಜು ಎಂದವನೊಬ್ಬ. ತತ್ತಿಯ ಬಿಳಿ ಬಳಿ ಎಂದವನು ಇನ್ನೊಬ್ಬ, ಅವನ ಮನೆಯಲ್ಲಿ ಕೋಳಿಯೂ ಇರಲಿಲ್ಲ. ಗೌಡನ ಬಲಗೈ ಚನ್ನಬಸಯ್ಯನಂತೂ ಝಳಕಿಯಲ್ಲಿ ಲಾರಿ ಹತ್ತಿ ಸೊಲ್ಲಾಪುರಕ್ಕೇ ಹೋಗಿ ತಗಡಿನ ಡಬ್ಬಿಗಳಲ್ಲಿ ವಾರ್ನೀಸು ಹೊತ್ತು ತಂದ. ಪೂಜೆ ಹೇಳುವವನೂ ಅವನೇ, ಮುಹೂರ್ತ ನೋಡುವವನೂ ಅವನೇ, ಗೌಡ ಸೀನಿದರೆ ಶುಭವೆನ್ನುವವನೂ ಅವನೇ.

"ಮುಂಬಯಿದಾಗ ಇದನ್ನ ಹಚ್ಚತಾರ್ರೀ ಗೌಡ್ರ. ಕಲ್ಲಿಗೆ ಗಾಜಿನ ಅಂಗಿ ತೊಡಿಸಿದಂಗ."

"ನೀ ಯಾವಾಗ ಮುಂಬಯಿ ನೋಡಿದ್ಯೋ ಅಯ್ಯಾ?" ಎಂದ ಸೋಮನಿಂಗ.

"ಅಂಗಡ್ಯಾಂವ ಹೇಳಿದ."

"ಹೌದ ಬಿಡು. ಎಮ್ಮಿ ಮಾರಾಂವ ಹಾಲು ಕಡಿಮಿ ಅಂತ ಎಂದಾದ್ರೂ ಹೇಳ್ಯಾನೇನು?"

ಖಾಜಾಸಾಬನ ಮಾತು ಬೇರೆ ಇತ್ತು. ಬಾವಿಯಿಂದ ನೀರೆತ್ತುವ ತೊಗಲಿನ ಮೊಟ್ಟೆ ಕೊಳೆಯದಿರಲೆಂದು ಆ ಸೀಮೆಯವರು ಕುಸುಬಿ ಎಣ್ಣೆಯನ್ನು ಬೆರಳಿಗೆ ದಾರದಂತೆ ಎಳೆ ಬರುವವರೆಗೆ ಕಾಯಿಸಿ ಬಳಿಯುತ್ತಿದ್ದರು. ಅದನ್ನೇ ಕಲ್ಲಿಗೆ ಕುಡಿಸೋಣ ಎಂದ. ಒಳಗಿಳಿದು ಕಲ್ಲಿನ ಬಾಯಿ ಕಟ್ಟುತ್ತದೆ, ಮೇಲೆ ನಿಂತು ಜಾರುವುದಿಲ್ಲ, ಹೊಳಪೂ ಅಷ್ಟಕ್ಕಷ್ಟೇ.

ಗೌಡ ಹುಲಿ ಕುರಿಗಳ ಜಗಳ ಬಿಡಿಸುವವನಂತೆ ಗದ್ದ ತುರಿಸಿ, "ಎರಡ ಪರಸಿ ತಗೋರಿ, ಒಂದಕ್ಕ ಅದು, ಒಂದಕ್ಕ ಇದು. ಯಾವದು ಗೆಲ್ಲತೈತಿ ನೋಡೂಣು," ಎಂದ.

ಸೋತದ್ದು ಸೋಮನಿಂಗನ ಕಲ್ಲು. ಸೋಲಿಸಿದವನೂ ಅವನೇ. ಎಣ್ಣೆ ಬಳಿದು, ಕಲ್ಲು ಕುಡಿದಷ್ಟು ಕುಡಿಸಿ, ಮಿಕ್ಕದ್ದನ್ನು ಅರಿವೆಯಿಂದ ಒಣಗುವ ಹಾಗೆ ಒರೆಸಿಬಿಡು ಎಂದು ಖಾಜಾಸಾಬ ಹೇಳಿ ನಮಾಜಿಗೆ ಹೋಗಿದ್ದ. ಒರೆಸುವುದೆಂದರೇನು? ಸೋಮನಿಂಗನ ಅಪ್ಪ ಮೊಟ್ಟೆಗೆ ಬಳಿಯುವಾಗ ಒರೆಸಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ತೊಗಲು ಕುಡಿದೇ ಕುಡಿಯುತ್ತದೆ, ಎಷ್ಟು ಬಳಿದರೂ ಇಲ್ಲವೆನ್ನುವುದಿಲ್ಲ. ಚನ್ನಬಸಯ್ಯನ ಕಲ್ಲಿಗಿಂತ ತನ್ನದು ಹೆಚ್ಚು ಮಿಂಚಲಿ ಎಂಬ ಹಟಕ್ಕೆ ಅವನು ಮೊಟ್ಟೆಗೆ ಬಳಿದ ಹಾಗೆಯೇ ಕಲ್ಲಿಗೆ ಪದರ ಪದರ ಬಳಿದು ಬಿಸಿಲಿಗೆ ಬಿಟ್ಟ. ಕಲ್ಲು ತೊಗಲಲ್ಲ. ಕುಡಿದಷ್ಟು ಕುಡಿದು ಉಳಿದದ್ದನ್ನು ಮೈಮೇಲೆ ಇಟ್ಟುಕೊಂಡಿತು. ಸಂಜೆಗೆ ಅದು ಬೆಲ್ಲದ ಪಾಕದಂತೆ ಅಂಟಾಯಿತು. ತೋಟದ ಧೂಳು, ಒಣಗಿದ ಲಿಂಬಿ ಎಲೆ, ಇರುವೆ, ನೊಣ, ಎಲ್ಲ ಅದರ ಮೇಲೆ ಸಭೆ ಕೂಡಿದವು. ಗೌಡನ ನಾಯಿ ಅದರ ಮೇಲೆ ಮಲಗಿ, ಎದ್ದಾಗ ಅರ್ಧ ಕೂದಲು ಅಲ್ಲೇ ಬಿಟ್ಟು ಹೋಯಿತು.

ಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ. "ಸೋಮ್ಯಾ, ಕಲ್ಲಿಗೆ ತುಪ್ಪಳ ಬೆಳಸಿದೆಲ್ಲೋ! ಕಂಬಳಿ ನೇಯಾಕ ಕೊಡೂಣೇನು?"

ವಾರ್ನೀಸಿನ ಕಲ್ಲಿನ ಮೇಲೆ ಅರಿಶಿಣ ಸುರಿದು ಒರೆಸಿದರು. ಹನಿ ಕಲೆಯೂ ಇಲ್ಲ. ಚನ್ನಬಸಯ್ಯ ಮದುವೆ ಗಂಡಿನಂತೆ ಎದೆಯುಬ್ಬಿಸಿ ನಿಂತ.

ಖಾಜಾಸಾಬ ಆ ಅಂಟನ್ನು ಬೆರಳಲ್ಲಿ ಮುಟ್ಟಿ, ಸೋಮನಿಂಗನ ಅಂಗಿಗೇ ಒರೆಸಿ, "ಕಿವಿ ಎರಡ ಅದಾವ, ಒಂದನ್ನಾದ್ರೂ ಉಪಯೋಗ ಮಾಡು," ಎಂದನಷ್ಟೇ.

ಸೋಮನಿಂಗ ಸೋಲೊಪ್ಪುವ ಪೈಕಿಯಲ್ಲ. ಒಂದು ಕೊಡ ನೀರು ತಂದು ವಾರ್ನೀಸಿನ ಕಲ್ಲಿನ ಮೇಲೆ ಸುರಿದ. "ಈಗ ನಡೀರಿ ಗೌಡ್ರ ಇದರ ಮ್ಯಾಲ. ಬರಿಗಾಲಲೇ ನಡೀರಿ. ಅಯ್ಯಾ, ನೀನರೆ ನಡಿ."

ಚನ್ನಬಸಯ್ಯ ಕಾಲಿನ ತುದಿ ಇಟ್ಟು, ಕೆಂಡ ಮುಟ್ಟಿದವನಂತೆ ಹಿಂದೆಗೆದ.

"ನಾವ್ಯಾಕ ಬರಿಗಾಲಲೇ ನಡೀಬೇಕೋ?" ಎಂದ ಗೌಡ. "ಹೊಂಡಕ್ಕ ಬರಾವರು ಕಾರಿನಾಗ ಬರ್ತಾರ, ರಬ್ಬರ ಚಪ್ಪಲಿ ಹಾಕ್ಕೊಂಡ ಬರ್ತಾರ."

"ಬಾವಿಗೆ ಹೋಗು ಹೆಣಮಕ್ಕಳು? ಮೂಡಣ ಬದಿ ಪರಸಿ ಮ್ಯಾಲೆ ಹಾಯ್ದ ಅವರು ಹೋಗೂದು. ಕೊಡ ತುಳಕೇ ತುಳಕತೈತಿ."

"ಅವರಿಗೆ ರೂಢಿ ಐತಿ ಬಿಡು."

ಯಾವುದರ ರೂಢಿ? ಬೀಳುವುದರದೋ, ಬಿದ್ದು ಸುಮ್ಮನಿರುವುದರದೋ? ಸೋಮನಿಂಗನ ಹಲ್ಲುಗಳ ನಡುವೆ ಮಾತು ನಿಂತಿತ್ತು. ಆ ಹೆಣ್ಣುಮಕ್ಕಳಲ್ಲಿ ಅವನ ಅಕ್ಕ ರೇವವ್ವನೂ ಒಬ್ಬಳು. ಲಿಂಬಿ ಆರಿಸಿ, ಹೊತ್ತು ಮುಳುಗುವ ಮೊದಲು ಎರಡು ಕೊಡ ನೀರು ಹೊತ್ತು ಮನೆಗೆ ಹೋಗುವವಳು. ಆದರೆ ಹಲ್ಲುಗಳ ಆಚೆಗೆ ಸಿಂದಗಿಯ ನೆಲವೂ ನಿಂತಿತ್ತು. ಅವನು ಮಾತು ನುಂಗಿದ. ಕುಂಚ ತೆಗೆದುಕೊಂಡ.

ಪರಸಿ ಪೂರಾ ಒಣಗಲಿ, ಹಸಿ ಕಲ್ಲಿಗೆ ಹಚ್ಚಿದರೆ ಒಳಗಿನ ನೀರು ಮೇಲೆ ಬಂದು ಬೆಳ್ಳಗಾಗುತ್ತದೆ ಎಂದು ಖಾಜಾಸಾಬ ಹೇಳಿ ನೋಡಿದ. ಮುಹೂರ್ತ ಕಾಯುವುದಿಲ್ಲ ಎಂದ ಚನ್ನಬಸಯ್ಯ. ಕಲ್ಲಿನೊಳಗಿನ ನೀರು ಪಂಚಾಂಗ ನೋಡಿ ಆರುತ್ತದೆಂದು ಅವನ ತಿಳುವಳಿಕೆ. ಸರಿ, ಸೋಮನಿಂಗ ನಾಲ್ಕೂ ಬದಿಗೆ ವಾರ್ನೀಸು ಎಳೆದ. ಎಳೆಯುತ್ತಾ ಗೌಡನನ್ನು ಬೈದ, ಅಯ್ಯನನ್ನು ಬೈದ, ಸೊಲ್ಲಾಪುರವನ್ನು ಬೈದ, ಕುಂಚದ ಕೂದಲು ಕೊಟ್ಟ ಹಂದಿಯನ್ನೂ ಬೈದ. ಹಚ್ಚುತ್ತಿದ್ದ ಕೈ ತನ್ನದೇ ಎಂಬುದನ್ನು ಮಾತ್ರ ಬೈಗುಳದಲ್ಲಿ ಸೇರಿಸಲಿಲ್ಲ.

ಹೊಳಪು ಬಂತು. ಹೊಂಡದಂಚಿಗೆ ಅಲ್ಲಲ್ಲಿ ತೊನ್ನಿನಂತೆ ಬಿಳಿ ಕಲೆಯೂ ಬಂತು. ಗೌಡ ಅದರ ಮೇಲೆ ಹೂವಿನ ಕುಂಡ ಇಡಿಸಿ ಮುಚ್ಚಿದ.

ಮರುದಿನವೇ ಹಜರಾಬಿ ಬಿದ್ದಳು. ಹಜರಾಬಿಯೆಂದರೆ ತೋಟದ ಕಾವಲುಗಾರನ ಹೆಂಡತಿ, ತುಂಬಿದ ಕೊಡ ಹೊತ್ತು ಕೈಬಿಟ್ಟು ನಡೆಯುತ್ತಾ ಜಗಳವಾಡಬಲ್ಲ ಗಟ್ಟಿಗಿತ್ತಿ. ಮೂಡಣ ಬದಿಯಲ್ಲಿ ಕಾಲು ಜಾರಿ, ತಾಮ್ರದ ಕೊಡ ಒಂದು ಕಡೆ, ಅವಳೊಂದು ಕಡೆ. ಮೊಳಕೈ ಮೂಳೆ ಸರಿಯಿತು. ಗೌಡ ಓಡಿ ಬಂದು ಮೊದಲು ನೋಡಿದ್ದು ಕೊಡ ಬಿದ್ದ ಜಾಗದ ಕಲ್ಲನ್ನು. "ಕಣ್ಣ ಎಲ್ಲಿ ಇಟ್ಟಿರ್ತೀರೇ? ಪರಸಿಗೆ ಗೀರು ಬಿತ್ತಲ್ಲ!"

"ಕಣ್ಣ ಮಾರಿಮ್ಯಾಲೇ ಅದಾವ್ರಿ ಗೌಡ್ರ," ಎಂದಳು ಹಜರಾಬಿ ನೆಲದ ಮೇಲೆ ಕೂತೇ. "ನಿಮ್ಮ ನೆಲದಾಗ ನಿಮ್ಮ ಮಾರಿ ಕಾಣಾಕತ್ತಿತ್ತು, ಅಂಜಿ ಬಿದ್ನಿ."

ಹೆಂಗಸರು ನಕ್ಕರು. ಸೋಮನಿಂಗ ನಗಲಿಲ್ಲ. ಆ ಮೊಳಕೈಯನ್ನು ನೋಡಿದ, ತನ್ನ ಕೈಗೆ ಇನ್ನೂ ಅಂಟಿದ್ದ ವಾರ್ನೀಸನ್ನು ನೋಡಿದ. ಪೂಜೆಯವರೆಗೆ ಬೇಲಿಯಾಚೆ ಸುತ್ತು ಹಾಕಿ ನೀರಿಗೆ ಹೋಗಿರಿ ಎಂದು ಗೌಡ ಅಪ್ಪಣೆ ಕೊಟ್ಟ.

ಆದರೆ ಪೂಜೆಯ ದಿನದ ಮಾತು ಬೇರೆ. ಹೊಸ ನೀರಿಗೆ ಹಳೆ ನೀರು ಕೂಡಿಸಬೇಕು. ಐದು ಜನ ಮುತ್ತೈದೆಯರು ಹಳೆ ಬಾವಿಯಿಂದ ತುಂಬಿದ ಕೊಡ ಹೊತ್ತು ತಂದು ಹೊಂಡಕ್ಕೆ ಸುರಿಯಬೇಕು, ಅವರ ಮುಂದೆ ಒಬ್ಬಳು ದಾರಿಗೆ ಅರಿಶಿಣದ ನೀರು ಚಿಮುಕಿಸುತ್ತಾ ನಡೆಯಬೇಕು. ಗಂಗೆಯ ಹತ್ತಿರ ಯಾರ ಕಾಲಲ್ಲೂ ಚಪ್ಪಲಿ ಇರಬಾರದು. ರಬ್ಬರ್ ಚಪ್ಪಲಿಯ ಗೌಡನಿಗೆ ಇಷ್ಟು ದಿನ ಇದು ನೆನಪಾಗಿರಲಿಲ್ಲ. ಅವನ ಹೊಂಡ ಮುಂಬಯಿಯದು, ಪೂಜೆ ಮಾತ್ರ ಹೊರ್ತಿಯದು. ಬೇಲಿ ಸುತ್ತಿ ಬಂದರೆ ಬೀಗರ ಕಣ್ಣಿಗೆ ಚೆಂದ ಕಾಣುವುದಿಲ್ಲವೆಂದು ಮೂಡಣ ಬದಿಯ ಪರಸಿಯ ಮೇಲೆಯೇ ಸಾಲಾಗಿ ಬರಲು ಹೇಳಿದ್ದ. ಆ ಐವರಲ್ಲಿ ಮೂರನೆಯವಳು ರೇವವ್ವ.

ಪೂಜೆಯ ಬೆಳಗ್ಗೆ ಗೌಡ ಸ್ನಾನಕ್ಕೆ ಹೋದ ಹೊತ್ತು. ಹೊಂಡಕ್ಕೆ ನೀರೆತ್ತುವ ಡೀಸೆಲ್ ಇಂಜಿನ್ನು ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿತ್ತು. ಸೋಮನಿಂಗ ಕಲ್ಲು ಕೆತ್ತುವ ಟಾಕಿ, ಸುತ್ತಿಗೆ ತೆಗೆದುಕೊಂಡು ಮೂಡಣ ಬದಿಯ ಮೊದಲ ಪರಸಿಯ ಮೇಲೆ ಕುಕ್ಕುರುಗಾಲಲ್ಲಿ ಕೂತ. ಬೀಸುಕಲ್ಲು ಸವೆದು ನುಣುಪಾದಾಗ ಅದಕ್ಕೆ ಚೂಪು ಉಳಿಯಿಂದ ಮುಳ್ಳು ಹೊಯ್ಯುತ್ತಾರಲ್ಲ, ಜೋಳ ಜಾರದೆ ಸಿಕ್ಕಿಬೀಳಲಿ ಎಂದು, ಹಾಗೆ ಮುಳ್ಳು ಹೊಯ್ಯತೊಡಗಿದ. ಟಕ್ಕು ಟಕ್ಕು ಟಕ್ಕು. ಗಾಜಿನ ಅಂಗಿ ಹರಿದು, ಕೆಳಗಿನ ಕಲ್ಲು ಬೆಳ್ಳಗೆ ಮುಖ ತೋರಿಸಿತು.

ಖಾಜಾಸಾಬ ಕುಂಟುತ್ತಾ ಬಂದ. "ತಲಿ ಕೆಟ್ಟೈತೇನಲೇ? ಸಿಂದಗಿ ಹೋತು!"

"ಹೋಗ್ಲಿ."

"ನಾನೂ ಕೂಡ್ತಿದ್ನಿ, ಮೊಳಕಾಲ ಮಡಚಂಗಿಲ್ಲ," ಎಂದ ಮುದುಕ. "ಅಷ್ಟ ಜೋರ ಹೊಡೀಬ್ಯಾಡ, ಪದರ ಏಳತೈತಿ."

ಅರ್ಧ ದಾರಿ ಮುಗಿದಿತ್ತು. ಮೈಗೆ ಸುತ್ತಿದ ಒದ್ದೆ ಪಂಚೆಯಲ್ಲೇ ಗೌಡ ಬಂದ. ಅವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆದರೆ ಪೂಜೆ ಕೆಡುತ್ತದೆ. ಸೋಮನಿಂಗನ ತಾಯಿ ಅಜ್ಜಿ ಯಾರನ್ನೂ ಬಿಡಲಿಲ್ಲ. ಕೈ ಎತ್ತಿಯೂ ಇದ್ದ. ಅಷ್ಟರಲ್ಲಿ ಚನ್ನಬಸಯ್ಯ ಹೌಹಾರಿ ಓಡಿಬಂದ. "ಗೌಡ್ರ, ಬೀಗರ ಜೀಪು! ಊರ ಅಗಸಿ ಬಾಗಲಾ ದಾಟೇತ್ರಿ!"

ಗೌಡ ಪರಸಿ ನೋಡಿದ. ಅರ್ಧ ಕನ್ನಡಿ, ಅರ್ಧ ಸಿಡುಬಿನ ಮುಖ. ಇದನ್ನು ಏನೆಂದು ತೋರಿಸುವುದು? ಎತ್ತಿದ ಕೈಯನ್ನೇ ಇಳಿಸಿ ಬೆರಳು ಮಾಡಿದ. "ನಿಂತೇನ ನೋಡ್ತಿಯಲೇ ಸುಡಗಾಡ ಮಗನ? ಮುಗಸು! ಉಳಿದರ್ಧಾನೂ ಹೊಡಿ! ಸಾಲು ಸರಳ ಇರಲಿ!"

ಸೋಮನಿಂಗ ಹೊಡೆದ. ಬೀಗರು ಚಹಾ ಕುಡಿಯುವಷ್ಟರಲ್ಲಿ ಮೂಡಣ ಬದಿ ಆ ತುದಿಯಿಂದ ಈ ತುದಿಯವರೆಗೆ ಮುಳ್ಳುಮುಳ್ಳಾಯಿತು.

ಹೆಂಗಸರು ಬಂದರು. ಮುಂದೆ ಇಂದ್ರಾಬಾಯಿ ಅರಿಶಿಣದ ನೀರು ಚಿಮುಕಿಸಿದಳು, ಮುಳ್ಳು ಹೊಯ್ದ ಕಲ್ಲು ಅದನ್ನು ಗಟಗಟ ಕುಡಿದು ಹಳದಿಯಾಯಿತು. ಹಿಂದೆ ಐದು ಕೊಡ, ಹತ್ತು ಬರಿಗಾಲು. ಕೊಡಗಳು ತುಳುಕಿದವು, ಕಾಲುಗಳು ಹೊಲದ ಬದುವಿನ ಮೇಲೆ ನಡೆದ ಹಾಗೆ ನಡೆದವು. ರೇವವ್ವ ದಾಟುವವರೆಗೆ ಸೋಮನಿಂಗನ ಕಣ್ಣು ಅವಳ ಹಿಮ್ಮಡಿ ಬಿಡಲಿಲ್ಲ. ಹೊಳಪಿನ ಪಡುವಣ ಬದಿಯಿಂದ ಆರತಿ ತಟ್ಟೆ ಹಿಡಿದು ಬಂದ ಚನ್ನಬಸಯ್ಯ ಮಾತ್ರ ಆಗಷ್ಟೇ ನಡೆಯಲು ಕಲಿತ ಕೂಸಿನಂತೆ ಹೂವಿನ ಕುಂಡದಿಂದ ಕುಂಡಕ್ಕೆ ಕೈ ಹಿಡಿಯುತ್ತಾ ಬಂದ.

ಬಾಗೇವಾಡಿ ಬೀಗರು ಎಲ್ಲವನ್ನೂ ಕಂಡರು. ಕಣ್ಣಿದ್ದ ಮನುಷ್ಯ. ಬರಿಗಾಲಲ್ಲಿ ಮೂಡಣ ಬದಿಯ ಮೇಲೆ ನಡೆದು, ಹೆಬ್ಬೆರಳಿಂದ ಒತ್ತಿ ನೋಡಿ, "ಇದು ಭೇಷ್ ಐತಲ್ರಿ ಗೌಡ್ರ," ಎಂದರು. "ನಮ್ಮ ಮಂಟಪದ ಬಚ್ಚಲದ ಕಡೆ ಹಿಂಗೇ ಬೇಕು. ಯಾರದ್ರಿ ಈ ತಲಿ?"

"ನಂದ್ರೀ!" ಎಂದ ಗೌಡ, ಕಣ್ಣು ಮಿಟುಕಿಸದೆ. "ಹೆಣಮಕ್ಕಳು ಹಾಯೂ ದಾರಿ, ಜಾರಬಾರ್ದು ಅಂತ ನಾನ ನಿಂತ ಹೊಡಿಸಿದ್ನಿ. ಈ ಹುಡುಗ ಬರೇ ಕೈ. ಹೌದಲ್ಲೋ ಸೋಮಾ?"

ಸೋಮಾ! ಇಷ್ಟು ದಿನ ಸೋಮ್ಯಾ ಇದ್ದವನು ಈಗ ಸೋಮಾ ಆದ. ಗೌಡನ ಕಣ್ಣು ಅವನ ಕಣ್ಣನ್ನು ಹಿಡಿದಿತ್ತು. ಹೌದ್ರಿ ಅಂದರೆ ಸಿಂದಗಿ. ಬೀಗರು ನಗುತ್ತಾ ಕಾದು ನಿಂತಿದ್ದರು. ಖಾಜಾಸಾಬ ಹಿಂದಿನಿಂದ ಅವನ ಬೆನ್ನಿಗೆ ಬೆರಳಲ್ಲಿ ತಿವಿದ: ಅನ್ನು, ಮಾರಾಯ, ಅನ್ನು.

"ಇಲ್ರಿ," ಎಂದ ಸೋಮನಿಂಗ.

"ಏನು?"

"ಇಲ್ರಿ ಅಂದ್ನಿ. ಇವರ ತಲ್ಯಾಗಿಂದ ಬಂದದ್ದು ಆ ಮೂರು ಬದಿ. ಹಚ್ಚಿದಾಂವ ನಾನ. ಈ ಬದೀನೂ ಹಂಗೇ ಇದ್ದಾಗ ಹಜರಾಬಿ ಬಿದ್ದ ಮೊಳಕೈ ಕಟಗೊಂಡ ಮನ್ಯಾಗ ಕುಂತಾಳ. ಅದಕ್ಕ ಮುಳ್ಳ ಹೊಡದ್ನಿ. ಹೊಡಿಯೂ ಮುಂದ ಇವರು ನಮ್ಮವ್ವನ್ನ ಬೈಯಾಕತ್ತಿದ್ರು."

ಬೀಗರು ಗೌಡನ ಮುಖ ನೋಡಿದರು, ಆಮೇಲೆ ಹೊಂಡ ನೋಡಿದರು. ನಿಜ ಯಾವುದೆಂದು ಅವರಿಗೆ ತಿಳಿಯದೇನಿಲ್ಲ. ಆದರೆ ನಿಜಕ್ಕೆ ಮಗನನ್ನು ಗಂಟುಹಾಕಲಾಗುವುದಿಲ್ಲ, ನಿಜದ ಮನೆಯಿಂದ ಸೊಸೆ ಬರುವುದಿಲ್ಲ. ದೊಡ್ಡದಾಗಿ ನಕ್ಕು ಗೌಡನ ಹೆಗಲ ಮೇಲೆ ಕೈ ಹಾಕಿದರು. "ಹುಡುಗಗ ಬಿಸಲ ಬಡದೈತಿ. ನಡೀರಿ ಗೌಡ್ರ, ಹೋಳಿಗಿ ಆರ್ತಾವ."

ಇಬ್ಬರೂ ಹೋದರು. ಹೊಳಪಿನ ಬದಿ ಬಿಟ್ಟು, ಮೂಡಣ ಬದಿಯ ಮೇಲೆಯೇ ನಡೆದು ಹೋದರು.

ಸಿಂದಗಿಯ ನೆಲ ಚನ್ನಬಸಯ್ಯನ ಅಕ್ಕನ ಮಗನಿಗೆ ಸಿಕ್ಕಿತೆಂದು ಸಂಜೆಯೊಳಗೇ ಊರಿಗೆಲ್ಲ ಗೊತ್ತಾಯಿತು. ಆ ಹುಡುಗ ಪರಸಿಯನ್ನು ಹಾಸಿಕೊಂಡು ಮಲಗಿದ್ದು ಬಿಟ್ಟರೆ ಹಾಸಿದವನಲ್ಲ.

ಸೋಮನಿಂಗ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಮೀಸೆಯ ಕೆಳಗೆ ಸಣ್ಣದೊಂದು ಹೆಮ್ಮೆಯೂ ಇತ್ತು. ರೇವವ್ವ ಈಗ ಬಂದು ಕಣ್ಣೀರು ತೆಗೆದು ತಲೆ ಸವರುತ್ತಾಳೆಂದು ಅವನ ಎಣಿಕೆ. ರೇವವ್ವ ರೊಟ್ಟಿ ಬಡಿಯುವ ಕೈಯಲ್ಲೇ ಹೊರಗೆ ಬಂದಳು.

"ಟಾಕಿ ಹೊಡದಿ, ಸರಿ. ನಾವು ನಡದ್ವಿ, ಸರಿ. ಆಮ್ಯಾಲಿಂದ ಬಾಯಿ ಯಾರ ಸಲುವಾಗಿ ತಗದಿ?"

"ನಿಮ್ಮ ಸಲುವಾಗಿ..."

"ನಮ್ಮ ಹೆಸರ ಹೇಳಬ್ಯಾಡ! ನಮ್ಮ ಕಾಲಿಗೆ ಬೇಕಾದ್ದು ಆಗ ಸಿಕ್ಕಿತ್ತು. 'ಹೌದ್ರಿ' ಅಂದಿದ್ರ ಆ ಮುಳ್ಳೇನ ಮಾಯ ಆಗ್ತಿದ್ದುವೇನೋ? ಒಂದ ಸುಳ್ಳಿಗೆ ಮೇಸ್ತ್ರಿ ಆಗ್ತಿದ್ದಿ. ಅದು ನಿನ್ನ ಸೊಕ್ಕಿನ ಸಲುವಾಗಿ ತಗದ ಬಾಯಿ. ನಾಳಿ ತ್ವಾಟಕ್ಕ ನನ್ನ ಕೆಲಸಕ್ಕ ಕರೀತಾರೋ ಇಲ್ಲೋ, ಅದನ್ನ ವಿಚಾರ ಮಾಡಿದೇನು?"

ಮಾಡಿರಲಿಲ್ಲ. ಒಳಗೆ ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ರೇವವ್ವ ಅದನ್ನೂ ಅವನ ಲೆಕ್ಕಕ್ಕೇ ಬೈಯುತ್ತಾ ಒಳಗೆ ಓಡಿದಳು.

ಖಾಜಾಸಾಬ ಬೀಡಿ ಹಚ್ಚುತ್ತಾ ಕಟ್ಟೆಗೆ ಬಂದು ಕೂತ. ಮೊಳಕಾಲು ನೀಡಿ ಅಂಗೈಯಿಂದ ಉಜ್ಜಿಕೊಂಡ.

"ದೇವಣಗಾಂವದಾಗ ಒಂದು ಪಡಸಾಲಿ ಹಾಸೂದೈತಿ. ನಾ ಬರೂದಿಲ್ಲ ಅಂತ ಹೇಳಿ ಕಳಿಸಿದ್ನಿ. ಈಗ ಬರ್ತೇನಿ ಅಂತ ಹೇಳಬೇಕು."

"ನಿನ್ನ ಮೊಳಕಾಲ?"

"ಮೊಳಕಾಲ ಏನ ಮಾಡ್ತೈತಿ, ಬೈತೈತಿ. ನಿನಗಿಂತ ಕಡಿಮಿ ಬೈತೈತಿ." ಹೊಗೆ ಬಿಟ್ಟ. "ಮೇಸ್ತ್ರಿ ನಾನ. ನೀ ಸುಣ್ಣ ಕಲಸಾಂವ. ಎಣ್ಣಿ ಹಚ್ಚಿದ್ರ ಒರಸಬೇಕು."

ಸೋಮನಿಂಗ ಉಗುರಿನ ಸಂದಿಯಲ್ಲಿ ಒಣಗಿದ್ದ ವಾರ್ನೀಸನ್ನು ಕೆರೆದು ತೆಗೆದ. ತೋಟದ ಕಡೆಯಿಂದ ಹೋಳಿಗೆ ಉಂಡವರ ನಗೆ ಕೇಳುತ್ತಿತ್ತು.

"ಒರಸ್ತೇನಿ ತಗೋ," ಎಂದ ಕೊನೆಗೆ, ಯಾರನ್ನೋ ಬೈದ ದನಿಯಲ್ಲಿ.